ಡೀಸೆಲ್ ಪಿಕಪ್‌ಗೆ ಹೊಸ ಬ್ಯಾಟರಿ: ಒಂದಲ್ಲ, ಜೋಡಿ

ಈ ಸದ್ದನ್ನು ಒಮ್ಮೆ ಕೇಳಿ. ಕೀ ತಿರುಗಿಸಿದ್ದೇನೆ. ಗ್ಲೋ ಪ್ಲಗ್ ದೀಪ ಆರಿತು. ಈಗ ಸೆಲ್ಫ್ ಹೊಡೆಯುತ್ತಿದ್ದೇನೆ. ಇಂಜಿನ್ ತಿರುಗುತ್ತಿದೆ, ಆದರೆ ಎಷ್ಟು ನಿಧಾನ ನೋಡಿ. ಒಂದು ಸುತ್ತು, ಇನ್ನೊಂದು ಸುತ್ತು, ಆಮೇಲೆ ಬರೀ ಟಕ ಟಕ ಟಕ. ಡ್ಯಾಶ್‌ಬೋರ್ಡ್ ದೀಪಗಳೆಲ್ಲ ಮಂಕಾದವು. ಗಡಿಯಾರ ಸೊನ್ನೆಗೆ ಬಂದು ನಿಂತಿತು.

ನಮಸ್ಕಾರ. ಇದು ನನ್ನ ಡೀಸೆಲ್ ಪಿಕಪ್. ಇವತ್ತು ಇದರ ಬ್ಯಾಟರಿಗಳ ವಿಷಯ. ಹೌದು, ಬ್ಯಾಟರಿಗಳು. ಬಾನೆಟ್ ಎತ್ತಿದರೆ ಆ ಮೂಲೆಯಲ್ಲಿ ಒಂದು, ಈ ಮೂಲೆಯಲ್ಲಿ ಒಂದು. ನಡುವೆ ದಪ್ಪದ ಕೇಬಲ್. ದೊಡ್ಡ ಡೀಸೆಲ್ ಪಿಕಪ್‌ಗಳಲ್ಲಿ ಬಹಳಷ್ಟಕ್ಕೆ ಹೀಗೆ ಎರಡು ಇರುತ್ತವೆ.

ಎರಡು ಯಾಕೆ? ಡೀಸೆಲ್ ಇಂಜಿನ್‌ಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಅದುಮಿ ಅದುಮಿ, ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. 16 ಪಾಲು ಗಾಳಿಯನ್ನು ಒಂದು ಪಾಲಿನ ಜಾಗಕ್ಕೆ ಒತ್ತಬೇಕು, ಕೆಲವು ಇಂಜಿನ್‌ಗಳಲ್ಲಿ ಇನ್ನೂ ಜಾಸ್ತಿ. ಅಷ್ಟು ಒತ್ತಡದ ವಿರುದ್ಧ ತಿರುಗಿಸಲು ಸ್ಟಾರ್ಟರ್‌ಗೆ ನೂರಾರು ಆಂಪಿಯರ್ ಬೇಕು. ಅದಕ್ಕೂ ಮೊದಲೇ, ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಗ್ಲೋ ಪ್ಲಗ್‌ಗಳು ಒಂದು ದೊಡ್ಡ ಗುಟುಕು ಕುಡಿದಿರುತ್ತವೆ. ಇನ್ನೊಂದು ವಿಷಯ ಇದೆ, ಇದು ಬಹಳ ಜನರಿಗೆ ಹೊಳೆಯುವುದಿಲ್ಲ. ಈಗಿನ ಕಾಮನ್ ರೈಲ್ ಇಂಜಿನ್, ಅಂದರೆ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರ್‌ಗೂ ಒತ್ತಡದ ಡೀಸೆಲ್ ಕೊಡುವ ಇಂಜಿನ್, ಸುಮ್ನೆ ತಿರುಗಿದರೆ ಸಾಲದು, ಸಾಕಷ್ಟು ವೇಗವಾಗಿ ತಿರುಗಬೇಕು. ಇಲ್ಲದಿದ್ದರೆ ರೈಲ್‌ನಲ್ಲಿ ಡೀಸೆಲ್‌ನ ಒತ್ತಡವೇ ಏರುವುದಿಲ್ಲ, ಇಂಜೆಕ್ಟರ್ ತೆರೆಯುವುದಿಲ್ಲ. ಇಂಜಿನ್ ತಿರುಗುತ್ತಲೇ ಇರುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ. ಪಂಪ್ ಹೋಯಿತೇನೋ ಎಂದು ಹೆದರುತ್ತೇವೆ. ಎಷ್ಟೋ ಸಲ ತಪ್ಪು ಬ್ಯಾಟರಿಯದ್ದು.

ಎರಡನ್ನೂ ಸಮಾಂತರವಾಗಿ ಜೋಡಿಸಿರುತ್ತಾರೆ. ಪಾಸಿಟಿವ್‌ಗೆ ಪಾಸಿಟಿವ್, ನೆಗೆಟಿವ್‌ಗೆ ನೆಗೆಟಿವ್. ವೋಲ್ಟ್ 12 ಆಗಿಯೇ ಉಳಿಯುತ್ತದೆ, ಕೊಡುವ ಶಕ್ತಿ ಮಾತ್ರ ಎರಡು ಪಟ್ಟು.

ಈಗ ನನ್ನ ತಪ್ಪು ಹೇಳುತ್ತೇನೆ. ಕಳೆದ ವರ್ಷ ಈ ಎರಡರಲ್ಲಿ ಒಂದು ಕೈಕೊಟ್ಟಿತು. ಅಂಗಡಿಯಲ್ಲಿ ಕೇಳಿದೆ, "ಇನ್ನೊಂದು ಚೆನ್ನಾಗಿದೆ, ಒಂದೇ ಬದಲಿಸಿದರೆ ಸಾಕು" ಎಂದರು. ನನಗೂ ಅದೇ ಬೇಕಿತ್ತು, ದುಡ್ಡು ಉಳಿಯುತ್ತಲ್ವಾ. ಒಂದು ಹೊಸದು, ಒಂದು ಹಳೆಯದು, ಹಾಗೇ ಓಡಿಸಿದೆ. ಅದರ ಫಲ ಈಗ ತೋರಿಸುತ್ತೇನೆ.

ಮಲ್ಟಿಮೀಟರ್ ನೋಡಿ. ಕೇಬಲ್ ಜೋಡಿಸಿರುವಾಗ ಈ ಬ್ಯಾಟರಿಯಲ್ಲಿ 11.4 ವೋಲ್ಟ್. ಆ ಬ್ಯಾಟರಿಯಲ್ಲೂ 11.4. ಒಂದೇ ಸಂಖ್ಯೆ ಬಂತು ಎಂದರೆ ಎರಡೂ ಒಂದೇ ಸ್ಥಿತಿಯಲ್ಲಿವೆ ಎಂದಲ್ಲ. ಜೋಡಿಸಿಟ್ಟಾಗ ಮೀಟರ್‌ಗೆ ಅವು ಎರಡೂ ಒಂದೇ ಬ್ಯಾಟರಿ. ನಿಜ ತಿಳಿಯಬೇಕಾದರೆ ಬೇರೆ ಮಾಡಲೇಬೇಕು. ನಾನು ಬೇರೆ ಮಾಡಿ, ಒಂದೊಂದನ್ನೇ ಚಾರ್ಜ್‌ಗೆ ಹಾಕಿದೆ. ಹಳೆಯದರ ಒಂದು ಬದಿ ಸ್ವಲ್ಪ ಹೊತ್ತಿಗೇ ಕೈಗೆ ಬಿಸಿ ಹತ್ತತೊಡಗಿತು. ತಕ್ಷಣ ಚಾರ್ಜರ್ ತೆಗೆದೆ. ರಾತ್ರಿಯೆಲ್ಲ ಎರಡನ್ನೂ ಹಾಗೇ ಬಿಟ್ಟು, ಬೆಳಿಗ್ಗೆ ಅಳೆದೆ.

ಹಳೆಯದು 10.5 ವೋಲ್ಟ್. ಈ ಸಂಖ್ಯೆ ನೋಡಿದ ಕೂಡಲೇ ವಿಷಯ ಗೊತ್ತಾಯಿತು. 12 ವೋಲ್ಟ್ ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ, ತುಂಬಿದಾಗ ಒಂದೊಂದು ಸುಮಾರು 2.1 ವೋಲ್ಟ್. ಆರು ಸೇರಿ 12.6. ಅದರಲ್ಲಿ ಒಂದು ಸೆಲ್ ಸತ್ತರೆ ಉಳಿಯುವುದು ಸರಿಯಾಗಿ 10.5. ಐದು ಸೆಲ್ ದುಡಿಯುತ್ತಿದ್ದವು, ಒಂದು ಸತ್ತು ಬಿದ್ದಿತ್ತು.

ಹೊಸದರ ಗತಿ ಇನ್ನೂ ಬೇಜಾರಿನದ್ದು. ಅದಕ್ಕೆ ಒಂದೇ ವರ್ಷ. ಚಾರ್ಜ್ ಆದ ಮೇಲೂ 12.3 ಕ್ಕೆ ನಿಂತಿತು. ಲೋಡ್ ಟೆಸ್ಟ್ ಮಾಡಿಸಿದೆ. ಬ್ಯಾಟರಿಯ ಮೇಲೆ ಬರೆದಿರುವ ಕೋಲ್ಡ್ ಕ್ರ್ಯಾಂಕಿಂಗ್ ಆಂಪಿಯರ್‌ನ (ಇದರ ಅರ್ಥ ಮುಂದೆ ಹೇಳುತ್ತೇನೆ) ಅರ್ಧದಷ್ಟು ಲೋಡ್ ಹಾಕಿ 15 ಸೆಕೆಂಡ್ ಇಡುತ್ತಾರೆ. 21 ಡಿಗ್ರಿ ಸುಮಾರಿನ ಹವೆಯಲ್ಲಿ 9.6 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಇದು 9.1 ಕ್ಕೆ ಬಂತು.

ಒಂದು ವರ್ಷದ ಬ್ಯಾಟರಿ ಹೀಗಾಗಿದ್ದು ಯಾಕೆ? ಪಕ್ಕದಲ್ಲಿ ಹಳೆಯದನ್ನು ಇಟ್ಟಿದ್ದಕ್ಕೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಅದೇ ಕಥೆ. ಹಳೆಯದರೊಳಗೆ ರೆಸಿಸ್ಟೆನ್ಸ್ ಜಾಸ್ತಿ. ಸೆಲ್ಫ್ ಹೊಡೆದಾಗಲೆಲ್ಲ ದೊಡ್ಡ ಪಾಲು ಹೊಸದೇ ಹೊರುತ್ತಿತ್ತು. ಆಮೇಲೆ ಹಳೆಯದರ ಸೆಲ್ ಸತ್ತಾಗ, ಗಾಡಿ ನಿಂತ ರಾತ್ರಿಗಳಲ್ಲಿ ಹೊಸದರ ಕರೆಂಟ್ ಅದರೊಳಗೆ ಹರಿದು ಖಾಲಿ ಆಗುತ್ತಿತ್ತು. ಖಾಲಿ ಬಿದ್ದ ಲೆಡ್ ಆಸಿಡ್ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಮತ್ತೆ ಚಾರ್ಜ್ ಹಾಕಿದರೂ ಪೂರ್ತಿ ಕರಗುವುದಿಲ್ಲ. ಉಳಿಸಲು ಹೋದ ದುಡ್ಡಿಗಿಂತ ಜಾಸ್ತಿ ಹೋಯಿತು.

ಹಾಗಾಗಿ ಈ ಸಲ ಎರಡೂ ಒಟ್ಟಿಗೆ. ಒಂದೇ ಕಂಪನಿ, ಒಂದೇ ಮಾದರಿ, ಒಂದೇ ವಯಸ್ಸು. ಇದರಲ್ಲಿ ನಾನು ರಾಜಿ ಮಾಡಿಕೊಳ್ಳಲಿಲ್ಲ, ನೀವೂ ಮಾಡಿಕೊಳ್ಳಬೇಡಿ.

ಅಳತೆಯ ಮಾತು ಬೇಗ ಮುಗಿಸುತ್ತೇನೆ. ನನ್ನ ಟ್ರೇನಲ್ಲಿ ಕೂರುವುದು ಗ್ರೂಪ್ 65 ಎನ್ನುವ ಅಳತೆಯ ಬ್ಯಾಟರಿ. ಸುಮಾರು 306 ಮಿಲಿಮೀಟರ್ ಉದ್ದ, 190 ಅಗಲ, 192 ಎತ್ತರ. ನಿಮ್ಮದು 78 ಇರಬಹುದು, ಎಚ್7 ಇರಬಹುದು, ಹಳೆಯದರ ಸ್ಟಿಕ್ಕರ್ ಇಲ್ಲವೇ ಗಾಡಿಯ ಕೈಪಿಡಿ ನೋಡಿ. ಟರ್ಮಿನಲ್ ಯಾವ ಕಡೆ ಇದೆ ಎಂದು ಮಾತ್ರ ಮರೆಯದೆ ನೋಡಿ. ಪಾಸಿಟಿವ್ ಆಚೆ ಬದಿಗೆ ಹೋದರೆ ಕೇಬಲ್ ಮುಟ್ಟುವುದೇ ಇಲ್ಲ. ಎತ್ತರ ಜಾಸ್ತಿಯಾದರೆ ಬಾನೆಟ್‌ನ ಕಬ್ಬಿಣ ಟರ್ಮಿನಲ್‌ಗೆ ತಾಗುವ ಅಪಾಯ ಇದೆ.

ಆಮೇಲೆ ಸಿಸಿಎ. ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್. ಬ್ಯಾಟರಿಯ ಮೇಲೆ ಎದ್ದು ಕಾಣುವ ಸಂಖ್ಯೆ ಇದೇ. ಮೈನಸ್ 18 ಡಿಗ್ರಿ ಚಳಿಯಲ್ಲಿ, 30 ಸೆಕೆಂಡ್ ಕಾಲ, 7.2 ವೋಲ್ಟ್‌ಗಿಂತ ಕೆಳಗೆ ಬೀಳದೆ ಎಷ್ಟು ಆಂಪಿಯರ್ ಕೊಡಬಲ್ಲದು ಎನ್ನುವ ಲೆಕ್ಕ. ನನ್ನ ಗಾಡಿಯ ಕೈಪಿಡಿ ಒಂದೊಂದಕ್ಕೂ 750 ಕೇಳುತ್ತದೆ. ಇಲ್ಲಿ ಎರಡು ಕಡೆ ಕಣ್ಣು ತಪ್ಪುತ್ತದೆ. ಕೆಲವು ಬ್ಯಾಟರಿಗಳ ಮೇಲೆ ಬರೀ ಸಿಎ ಎಂದು ಬರೆದಿರುತ್ತದೆ. ಅದು ಸೊನ್ನೆ ಡಿಗ್ರಿಯಲ್ಲಿ ಅಳೆದದ್ದು, ಹಾಗಾಗಿ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಇನ್ನು ಕೆಲವದರ ಮೇಲೆ ಇಎನ್ ಎಂದಿರುತ್ತದೆ, ಅದು ಯುರೋಪಿನ ಪರೀಕ್ಷೆ, ನಿಯಮವೇ ಬೇರೆ. ಹೋಲಿಸುವುದಾದರೆ ಒಂದೇ ಪರೀಕ್ಷೆಯ ಸಂಖ್ಯೆಗಳನ್ನು ಹೋಲಿಸಿ.

ನಮ್ಮ ಕಡೆ ಅಷ್ಟು ಚಳಿ ಇಲ್ಲ, ಸಿಸಿಎ ಯಾಕೆ ಬೇಕು ಎಂದು ಅನ್ನಿಸಬಹುದು. ನಿಜ ಹೇಳಬೇಕೆಂದರೆ ಬ್ಯಾಟರಿಯನ್ನು ಕೊಲ್ಲುವುದು ಸೆಕೆ. ಚಳಿ ಬರೀ ಆ ಸಾವನ್ನು ತೋರಿಸಿಕೊಡುತ್ತದೆ. ಸೆಕೆಯಲ್ಲಿ ಪ್ಲೇಟಿನ ಹಿಂದಿನ ಜಾಲರಿ ಬೇಗ ಸವೆಯುತ್ತದೆ, ನೀರು ಬೇಗ ಆರುತ್ತದೆ. ಹಾಗಾಗಿ ಕೈಪಿಡಿ ಕೇಳಿದ್ದಕ್ಕಿಂತ ಸ್ವಲ್ಪ ಮೇಲೆ ಇದ್ದರೆ ಎಲ್ಲ ಕಡೆಯೂ ಒಳ್ಳೆಯದು. ಆದರೆ ಅತಿ ದೊಡ್ಡ ಸಂಖ್ಯೆಯ ಹಿಂದೆ ಓಡಬೇಡಿ. ಅದೇ ಅಳತೆಯ ಡಬ್ಬಿಯಲ್ಲಿ ಸಿಸಿಎ ಏರಿಸಲು ಪ್ಲೇಟ್‌ಗಳನ್ನು ತೆಳು ಮಾಡಿ ಜಾಸ್ತಿ ತುಂಬುವುದುಂಟು. ತೆಳು ಪ್ಲೇಟ್ ಬಾಳಿಕೆಯಲ್ಲಿ ಹಿಂದೆ.

ನಾನು ಅದಕ್ಕಿಂತ ಜಾಸ್ತಿ ಹೊತ್ತು ನೋಡಿದ್ದು ರಿಸರ್ವ್ ಕೆಪಾಸಿಟಿ. ಇದು ನಿಮಿಷಗಳ ಲೆಕ್ಕ. 25 ಆಂಪಿಯರ್ ಎಳೆಯುತ್ತಾ ಹೋದರೆ 10.5 ವೋಲ್ಟ್‌ಗೆ ಇಳಿಯಲು ಎಷ್ಟು ನಿಮಿಷ? ಇಂಜಿನ್ ಆಫ್ ಮಾಡಿ ಕೆಲಸದ ದೀಪ ಉರಿಸುವವರಿಗೆ, ವಿಂಚ್ ಇರುವವರಿಗೆ ಇದು ಮುಖ್ಯ. ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೈಕೊಟ್ಟ ರಾತ್ರಿ ನಿಮ್ಮನ್ನು ಮನೆ ಸೇರಿಸುವುದೂ ಇದೇ.

ಈಗ ದೊಡ್ಡ ಪ್ರಶ್ನೆ. ಮಾಮೂಲಿ ಆಸಿಡ್ ಬ್ಯಾಟರಿಯೋ, ಎಜಿಎಂ ಬ್ಯಾಟರಿಯೋ?

1859ರಲ್ಲಿ ಗ್ಯಾಸ್ತೋಂ ಪ್ಲಾಂಟೆ ಲೆಡ್ ಆಸಿಡ್ ಬ್ಯಾಟರಿ ಮಾಡಿದಾಗಿನಿಂದ ಒಳಗಿನ ರಸಾಯನ ಅದೇ. ಎಜಿಎಂನಲ್ಲೂ ಸೀಸ, ಆಸಿಡ್ ಅವೇ. ವ್ಯತ್ಯಾಸ ಆಸಿಡ್ ಇರುವ ರೀತಿಯಲ್ಲಿ. ಮಾಮೂಲಿಯಲ್ಲಿ ಅದು ನೀರಿನಂತೆ ತುಂಬಿರುತ್ತದೆ. ಎಜಿಎಂನಲ್ಲಿ ಪ್ಲೇಟ್‌ಗಳ ನಡುವೆ ಗಾಜಿನ ನಾರಿನ ಚಾಪೆ, ಆಸಿಡ್ ಎಲ್ಲ ಅದರಲ್ಲೇ ಹೀರಿಕೊಂಡಿರುತ್ತದೆ. ಬಿಗಿಯಾಗಿ ಒತ್ತಿ ಇಟ್ಟಿರುವುದರಿಂದ ಕುಲುಕಾಟಕ್ಕೆ ಚೆನ್ನಾಗಿ ತಾಳುತ್ತದೆ. ನಿಂತಲ್ಲೇ ತಾನಾಗಿ ಚಾರ್ಜ್ ಕಳೆದುಕೊಳ್ಳುವುದೂ ಕಡಿಮೆ. ಬೆಲೆ ಜಾಸ್ತಿ. ಅತಿಯಾಗಿ ಚಾರ್ಜ್ ಆಗುವುದನ್ನು ಮಾತ್ರ ಇದು ಸಹಿಸುವುದಿಲ್ಲ, ಹೋದ ನೀರನ್ನು ಮತ್ತೆ ತುಂಬಲು ಮುಚ್ಚಳವೇ ಇಲ್ಲ.

ಹಾಗಾಗಿ ಕೊಳ್ಳುವ ಮೊದಲು ಆಲ್ಟರ್ನೇಟರ್ ಅಳೆದೆ. ಜಂಪ್ ಕೊಟ್ಟು ಸ್ಟಾರ್ಟ್ ಮಾಡಿ, ಇಂಜಿನ್ ಬಿಸಿಯಾದ ಮೇಲೆ ನೋಡಿದರೆ 14.4 ವೋಲ್ಟ್, ಏರಿಳಿತ ಇಲ್ಲ. ಎಜಿಎಂಗೆ ಒಪ್ಪುವ ಸಂಖ್ಯೆ. ನನ್ನ ಗಾಡಿ ವಾರದಲ್ಲಿ ನಾಲ್ಕು ದಿನ ನಿಂತೇ ಇರುತ್ತದೆ, ಹೊರಟರೆ ಕೆಟ್ಟ ದಾರಿ. ನನಗೆ ಎಜಿಎಂ ಸರಿ ಅನ್ನಿಸಿತು. ದಿನಾ ದೂರ ಓಡುವ ಗಾಡಿ, ತಿಂಗಳಿಗೊಮ್ಮೆ ಮುಚ್ಚಳ ತೆಗೆದು ಡಿಸ್ಟಿಲ್ಡ್ ವಾಟರ್ ನೋಡುವ ಅಭ್ಯಾಸ ಇದ್ದರೆ ಒಳ್ಳೆಯ ಮಾಮೂಲಿ ಬ್ಯಾಟರಿಯೇ ಸಾಕು, ಅದರಲ್ಲಿ ಕೊರತೆ ಏನಿಲ್ಲ. ಕಂಪನಿಯಿಂದಲೇ ಎಜಿಎಂ ಬಂದಿದ್ದರೆ ಮಾತ್ರ ಕೆಳಗೆ ಇಳಿಯಬೇಡಿ. ಒಂದು ಎಜಿಎಂ, ಒಂದು ಮಾಮೂಲಿ ಎಂದು ಬೆರೆಸಲೂ ಬೇಡಿ.

ಲಿಥಿಯಂ ಬಗ್ಗೆ ಬಹಳ ಜನ ಕೇಳುತ್ತೀರಿ. ಹಗುರ, ನಿಜ. ಆದರೆ ಲಿಥಿಯಂ ಐರನ್ ಫಾಸ್ಫೇಟ್ ಅನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳು. ಇಂಜಿನ್ ಪಕ್ಕದ ಬಿಸಿಯೂ ಅದಕ್ಕೆ ಆಗಿಬರುವುದಿಲ್ಲ. ಬಾನೆಟ್ ಕೆಳಗೆ ನಾನು ಇಡುವುದಿಲ್ಲ.

ಅಂಗಡಿಯಲ್ಲಿ ಎರಡು ತಂದು ಮುಂದಿಟ್ಟರು. ತಯಾರಾದ ತಿಂಗಳು ನೋಡಿದೆ. ಎಷ್ಟೋ ಕಂಪನಿಗಳು ತಿಂಗಳಿಗೆ ಒಂದು ಅಕ್ಷರ, ವರ್ಷಕ್ಕೆ ಒಂದು ಅಂಕಿ ಹಾಕುತ್ತವೆ. ಎ ಎಂದರೆ ಜನವರಿ, ಬಿ ಎಂದರೆ ಫೆಬ್ರವರಿ, ಹೀಗೆ. ಒಂದಕ್ಕಿಂತ ಇನ್ನೊಂದು ಐದು ತಿಂಗಳು ಹಳೆಯದು. ಮೀಟರ್ ಇಟ್ಟೆ. ಒಂದು 12.8, ಇನ್ನೊಂದು 12.5. ಎಜಿಎಂ ತುಂಬಿದ್ದರೆ 12.8 ರ ಆಸುಪಾಸು ಇರಬೇಕು. "ಎರಡಕ್ಕೂ ಒಂದೇ ಕೋಡ್ ಇರುವುದನ್ನು ಕೊಡಿ" ಎಂದೆ. ಹುಡುಕಲು ಅರ್ಧ ಗಂಟೆ ಹಿಡಿಯಿತು. ಕಾದೆ. ಹಳೆಯ ಎರಡನ್ನೂ ಅಲ್ಲೇ ಕೊಟ್ಟೆ, ಅದರ ಸೀಸ ಮತ್ತೆ ಬ್ಯಾಟರಿಯೇ ಆಗುತ್ತದೆ.

ಈಗ ಜೋಡಿಸುವ ಕೆಲಸ. ಹಳೆಯವನ್ನು ಬಿಚ್ಚುವಾಗ ಮಾಡಿದ್ದನ್ನೂ ಇಲ್ಲಿ ಹಾಕಿದ್ದೇನೆ, ಈ ದೃಶ್ಯ ಗಮನವಿಟ್ಟು ನೋಡಿ. ಕಣ್ಣಿಗೆ ಕನ್ನಡಕ ಹಾಕಿದ್ದೇನೆ, ಉಂಗುರ ತೆಗೆದಿದ್ದೇನೆ. ಮೊದಲು ನೆಗೆಟಿವ್ ಬಿಚ್ಚಬೇಕು. ಒಂದರದ್ದು ಮಾತ್ರ ಅಲ್ಲ, ಎರಡರದ್ದೂ. ಈ ಕಡೆಯ ಬ್ಯಾಟರಿಯನ್ನು ಪೂರ್ತಿ ಹೊರಗೆ ತೆಗೆದರೂ, ಕೈಯಲ್ಲಿರುವ ಈ ಕೆಂಪು ಕೇಬಲ್‌ನ ತುದಿಗೆ ಆ ಕಡೆಯ ಬ್ಯಾಟರಿಯಿಂದ ಕರೆಂಟ್ ಬರುತ್ತಲೇ ಇರುತ್ತದೆ. ಅದು ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಪಕ್ಕದಲ್ಲಿ ಬ್ಯಾಟರಿಯ ಹೈಡ್ರೋಜನ್ ಇರಬಹುದು. ಜೋಡಿಸುವಾಗ ಉಲ್ಟಾ, ಎರಡೂ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ. ಟ್ರೇನಲ್ಲಿದ್ದ ಬಿಳಿ ಪುಡಿಯನ್ನು ಅಡುಗೆ ಸೋಡಾ ನೀರಿನಲ್ಲಿ ತೊಳೆದೆ. ಬ್ಯಾಟರಿ ಹಿಡಿದಿಡುವ ಪಟ್ಟಿಯನ್ನು ಅಲುಗಾಡದಂತೆ ಬಿಗಿದೆ.

ಸೆಲ್ಫ್ ಹೊಡೆದೆ. ಸ್ಟಾರ್ಟ್ ಆಯಿತು. ಆದರೆ ನನ್ನ ಕಿವಿಗೆ ಇನ್ನೂ ಸ್ವಲ್ಪ ಭಾರ ಅನ್ನಿಸಿತು. ಹೊಸ ಜೋಡಿ ಹಾಕಿದ ಮೇಲೆ ಹೀಗಾಗಬಾರದಲ್ವಾ? ಮೀಟರ್‌ನ ಒಂದು ಕಡ್ಡಿಯನ್ನು ನೆಗೆಟಿವ್ ಕಂಬದ ಮೇಲೆ, ಇನ್ನೊಂದನ್ನು ಇಂಜಿನ್‌ನ ಬರೀ ಲೋಹದ ಮೇಲೆ ಇಟ್ಟೆ. ಗೆಳೆಯ ಸೆಲ್ಫ್ ಹೊಡೆದ. 0.6 ವೋಲ್ಟ್. ಇಲ್ಲಿ 0.2 ಕ್ಕಿಂತ ಜಾಸ್ತಿ ಇರಬಾರದು. 600 ಆಂಪಿಯರ್ ಹರಿಯುವಾಗ ಓಮ್‌ನ ಸಾವಿರದ ಒಂದು ಪಾಲು ಅಡ್ಡಿ ಇದ್ದರೂ 0.6 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ.

ನೆಗೆಟಿವ್‌ನಿಂದ ಇಂಜಿನ್‌ಗೆ ಹೋಗುವ ಅರ್ಥ್ ಕೇಬಲ್‌ನ ಬೋಲ್ಟ್ ಬಿಚ್ಚಿದೆ. ನೋಡಿ, ಕೇಬಲ್ ತುದಿಯ ಲೋಹದ ಲಗ್ ಕೆಳಗೆ ಕಂದು ತುಕ್ಕು, ತಾಮ್ರದ ಎಳೆಗಳ ಬುಡದಲ್ಲಿ ಹಸಿರು ಪಾಚಿಯಂಥದ್ದು. ಕತ್ತರಿಸಿ ಹೊಸ ಲಗ್ ಹಾಕಿದೆ, ಕೂರುವ ಜಾಗವನ್ನು ಲೋಹ ಹೊಳೆಯುವವರೆಗೆ ಉಜ್ಜಿದೆ. ಮತ್ತೆ ಅಳೆದರೆ 0.1.

ಈಗ ಕೇಳಿ. ಕೀ ತಿರುಗಿಸಿದೆ, ಗ್ಲೋ ಪ್ಲಗ್ ದೀಪ ಆರಿತು. ಹಾಂ, ಹಿಡಿಯಿತು! ಒಂದು ಸೆಕೆಂಡ್ ಕೂಡ ಇಲ್ಲ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಇಳಿದಿದ್ದು 10.9 ರವರೆಗೆ ಮಾತ್ರ.

ಬಿಳಿ ಪೇಂಟ್ ಪೆನ್ನಿನಲ್ಲಿ ಎರಡರ ಮೇಲೂ ಇವತ್ತಿನ ತಾರೀಖು ಬರೆದೆ. ಬಾನೆಟ್ ಇಳಿಸಿದೆ. ಗಡಿಯಾರದ ಸಮಯ ಸರಿಮಾಡಿದೆ, 6:40. ಹೊರಟೆ.