ಮಳೆಯಲ್ಲಿ ಬಂಗಾರವಾಗುವ ಗೋಡೆ: ಫ್ರಾಂಕ್ ಗೆಹ್ರಿ ಕಟ್ಟಡಗಳ ಗುಟ್ಟು

[ದೃಶ್ಯ: ಮೋಡ ಕವಿದ ಆಕಾಶ. ನದಿಯ ದಂಡೆಯಲ್ಲಿ ಹೊಳೆಯುವ ಕಟ್ಟಡ]

ನಮಸ್ಕಾರ. ಈ ಗೋಡೆಯ ಬಣ್ಣ ಸ್ವಲ್ಪ ಗಮನಿಸಿ. ಬಿಸಿಲಲ್ಲಿ ಬೆಳ್ಳಿ, ಮಳೆ ಬಂದರೆ ತಿಳಿ ಬಂಗಾರ. ಯಾರೂ ಬಣ್ಣ ಹಚ್ಚಿಲ್ಲ. ಇದು ಟೈಟಾನಿಯಂ ಅನ್ನೋ ಲೋಹದ ತಗಡು.

ಊರು ಸ್ಪೇನ್‌ನ ಬಿಲ್ಬಾವೊ. ಹಡಗು ಕಟ್ಟುವ ಕೆಲಸ, ಉಕ್ಕಿನ ಕಾರ್ಖಾನೆ ಎರಡೂ ಸೊರಗಿದ್ದ ಊರು. ಅಲ್ಲಿ 1997ರಲ್ಲಿ ಈ ಕಟ್ಟಡ, ಗುಗೆನ್‌ಹೈಮ್ ಕಲಾ ಮ್ಯೂಸಿಯಂ, ಬಾಗಿಲು ತೆರೆಯಿತು. ಕಟ್ಟಡ ರೂಪಿಸಿದವರು ಫ್ರಾಂಕ್ ಗೆಹ್ರಿ. ಹುಟ್ಟಿದ್ದು 1929ರಲ್ಲಿ, ಕೆನಡಾದ ಟೊರೊಂಟೊದಲ್ಲಿ. ಕೆಲಸ ಮಾಡಿದ್ದು ಲಾಸ್ ಏಂಜಲೀಸ್‌ನಲ್ಲಿ.

ಮೊದಲು ಅವರು ಸ್ಟೀಲ್ ಹಾಕಿ ನೋಡಿದರು. ಆದರೆ ಬಿಲ್ಬಾವೊದಲ್ಲಿ ಮಳೆ, ಮೋಡ ಜಾಸ್ತಿ. ಆ ಬೆಳಕಿನಲ್ಲಿ ಸ್ಟೀಲ್ ಸತ್ತಂತೆ ಕಾಣುತ್ತಿತ್ತು. ಒಂದು ದಿನ ಟೈಟಾನಿಯಂ ತುಂಡೊಂದನ್ನು ಕಚೇರಿಯ ಹೊರಗಿನ ಕಂಬಕ್ಕೆ ಸಿಕ್ಕಿಸಿದರು. ಲಾಸ್ ಏಂಜಲೀಸ್‌ನಲ್ಲಿ ಅಪರೂಪಕ್ಕೆ ಮಳೆ ಬಂತು. ತುಂಡು ಬಂಗಾರದ ಬಣ್ಣಕ್ಕೆ ತಿರುಗಿತು. ಬಿಲ್ಬಾವೊಗೆ ಬೇಕಾದ ಲೋಹ ಅಲ್ಲೇ ಸಿಕ್ಕಿಬಿಟ್ಟಿತು.

[ದೃಶ್ಯ: ತಗಡುಗಳು, ತೀರಾ ಹತ್ತಿರದಿಂದ]

ಹತ್ತಿರ ಹೋಗೋಣ. ಮೀನಿನ ಹುರುಪೆಯ ಹಾಗೆ ಕಾಣ್ತವೆ, ಅಲ್ವಾ? ಸುಮಾರು 33,000 ತಗಡುಗಳಿವೆ. ದಪ್ಪ ಅರ್ಧ ಮಿಲಿಮೀಟರ್ ಕೂಡ ಇಲ್ಲ. ಅದಕ್ಕೇ ಅವು ಪೂರ್ತಿ ಸಪಾಟಾಗಿ ಕೂರುವುದಿಲ್ಲ, ದಿಂಬಿನ ಹಾಗೆ ಚೂರು ಉಬ್ಬಿರುತ್ತವೆ. ಬೆಳಕು ಒಂದೊಂದು ಉಬ್ಬಿನ ಮೇಲೆ ಒಂದೊಂದು ರೀತಿ ಬೀಳುತ್ತದೆ. ನನಗೆ ಈ ಕಟ್ಟಡದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಆ ಉಬ್ಬೇ.

ಹಾಗಾದರೆ ಇಷ್ಟು ಬಾಗಿದ್ದನ್ನು ಕಟ್ಟಿದ್ದು ಹೇಗೆ? ಗೆಹ್ರಿ ಕಾಗದ, ಮರದ ತುಂಡುಗಳಿಂದ ಮಾದರಿ ಮಾಡಿಸುತ್ತಿದ್ದರು. ಮಡಚುವುದು, ಹರಿಯುವುದು, ಮತ್ತೆ ಅಂಟಿಸುವುದು. ಮನಸ್ಸಿಗೆ ಒಪ್ಪಿದ ಮೇಲೆ ಆ ಮಾದರಿಯ ಮೇಲಿನ ಬಿಂದುಗಳನ್ನು ಒಂದೊಂದಾಗಿ ಅಳೆದು ಕಂಪ್ಯೂಟರಿಗೆ ಕೊಡುತ್ತಿದ್ದರು. ಬಳಸಿದ ಸಾಫ್ಟ್‌ವೇರ್ ಕ್ಯಾಟಿಯಾ. ಫ್ರಾನ್ಸ್‌ನ ಕಂಪನಿಯೊಂದು ವಿಮಾನಗಳನ್ನು ರೂಪಿಸಲು ಮಾಡಿದ್ದು ಅದು. ಯಾವ ಉಕ್ಕಿನ ತೊಲೆ ಎಷ್ಟು ಉದ್ದ, ಎಲ್ಲಿ ಎಷ್ಟು ಬಾಗಬೇಕು, ಎಲ್ಲ ಅದರಲ್ಲೇ ಸಿಗುತ್ತಿತ್ತು. ಹಾಗಾಗಿ ಕೈಯಲ್ಲಿ ಮಡಚಿದ ಕಾಗದದ ಬಾಗು ಕಟ್ಟಡಕ್ಕೂ ಹಾಗೇ ಬಂತು.

[ದೃಶ್ಯ: ಲಾಸ್ ಏಂಜಲೀಸ್, ಸುಡು ಬಿಸಿಲು]

ಲಾಸ್ ಏಂಜಲೀಸ್‌ನಲ್ಲಿ 2003ರಲ್ಲಿ ತೆರೆದ ವಾಲ್ಟ್ ಡಿಸ್ನಿ ಕನ್ಸರ್ಟ್ ಹಾಲ್ ಕೂಡ ಗೆಹ್ರಿ ಅವರದೇ. ಇದಕ್ಕೆ ಸ್ಟೀಲ್ ಹೊದಿಕೆ. ಹೆಚ್ಚಿನ ಭಾಗಕ್ಕೆ ಮಂಕು ಸ್ಟೀಲ್, ಒಂದು ಮೂಲೆಗೆ ಮಾತ್ರ ಕನ್ನಡಿಯಂಥ ಹೊಳಪು. ಒಳಕ್ಕೆ ಬಾಗಿದ ಆ ಹೊಳಪಿನ ಗೋಡೆ ಬಿಸಿಲನ್ನು ಒಂದೇ ಕಡೆ ಸೇರಿಸಿ ಎಸೆಯತೊಡಗಿತು. ಎದುರಿನ ಮನೆಗಳು ಕಾದವು, ಫುಟ್‌ಪಾತ್ ಸುಡತೊಡಗಿತು. ಕೊನೆಗೆ 2005ರಲ್ಲಿ ಕೆಲಸಗಾರರು ಬಂದು ಆ ತಗಡುಗಳನ್ನು ಉಜ್ಜಿ ಉಜ್ಜಿ ಮಂಕು ಮಾಡಿದರು.