ಬೆಂದ ಮೊಟ್ಟೆ ವಾಪಸ್ ಹಸಿ ಆಗುತ್ತಾ?

ಎಲ್ರಿಗೂ ನಮಸ್ಕಾರ. ಮೊಟ್ಟೆ ಒಡೆದು ಬಿಸಿ ಬಾಣಲೆಗೆ ಬಿಟ್ಟಾಗ ಬಗ್ಗಿ ನೋಡಿ, ಮೊದಲು ಅಂಚು ಬೆಳ್ಳಗಾಗುತ್ತೆ, ಆಮೇಲೆ ಆ ಬಿಳಿ ಮೆಲ್ಲಗೆ ಒಳಗೆ ಹಬ್ಬುತ್ತೆ, ತಿಳಿಯಾಗಿದ್ದ ಲೋಳೆ ನೋಡ್ತಾ ನೋಡ್ತಾ ಗಟ್ಟಿ. ಕರಗಿದ ಐಸನ್ನ ಮತ್ತೆ ಐಸ್ ಮಾಡಬಹುದು, ಇದನ್ನ ಫ್ರಿಜ್ಜಲ್ಲಿಟ್ರೂ ಹಸಿ ಆಗಲ್ಲ. ಯಾಕೆ?

ಆ ಲೋಳೆಲಿ ನೀರು ಬಿಟ್ರೆ ಹೆಚ್ಚಾಗಿ ಇರೋದು ಪ್ರೋಟೀನು. ಪ್ರೋಟೀನ್ ಅಂದ್ರೆ ಅಮೈನೋ ಆಸಿಡ್ ಮಣಿ ಪೋಣಿಸಿದ ಸರ. ಒಂದೊಂದು ಮಣಿಯ ನಟ್ಟನಡುವೆ ಒಂದು ಕಾರ್ಬನ್, ಅದಕ್ಕೆ ನಾಕು ಕೈ. ಒಂದರಲ್ಲಿ ಅಮೈನೋ ಗುಂಪು, ಒಂದರಲ್ಲಿ ಆಸಿಡ್ ಗುಂಪು, ಒಂದರಲ್ಲಿ ಹೈಡ್ರೋಜನ್, ಇನ್ನು ನಾಕನೇ ಕೈಲಿ ಏನಿದೆಯೋ ಅದೇ ಆ ಮಣಿಯ ಗುಣ. ಇಂಥ 20 ಬಗೆ. ಒಂದರ ಆಸಿಡ್ ಗುಂಪು ಪಕ್ಕದ್ದರ ಅಮೈನೋ ಗುಂಪಿಗೆ ಅಂಟಿದಾಗ ಒಂದು ನೀರಿನ ಅಣು ಕಳಚಿ ಹೋಗುತ್ತೆ, ಆ ಗಂಟೇ ಪೆಪ್ಟೈಡ್ ಬಾಂಡ್.

ಸರ ನೆಟ್ಟಗೆ ನಿಲ್ಲಲ್ಲ. ನೀರು ಕಂಡ್ರೆ ಆಗದ ಮಣಿಗಳು ಒಳಗೆ ಅವಿತುಕೊಳ್ತವೆ, ನೀರು ಇಷ್ಟಪಡೋವು ಹೊರಗೆ, ಹಿಂಗೆ ಮಡಚಿ ಒಂದು ಉಂಡೆ ಆಗುತ್ತೆ. ಮೊಟ್ಟೆಯ ಬಿಳಿಲಿರೋ ಓವಾಲ್ಬುಮಿನ್ ಅನ್ನೋ ಪ್ರೋಟೀನು ಅಂಥ 385 ಮಣಿಯ ಸರ. ಬಿಸಿ ತಾಗಿದ್ರೆ ಉಂಡೆ ಬಿಚ್ಚಿ ಒಳಗಿದ್ದವು ಬಯಲಿಗೆ ಬೀಳ್ತವೆ, ನೀರಿನಿಂದ ತಪ್ಪಿಸ್ಕೊಳ್ಳೋಕೆ ಪಕ್ಕದ ಸರದಲ್ಲಿರೋ ತಮ್ಮಂಥವನ್ನೇ ತಬ್ಕೊಂಡ್ಬಿಡ್ತವೆ, ಎಲ್ಲ ಸಿಕ್ಕುಸಿಕ್ಕು, ಆ ಸಿಕ್ಕಲ್ಲಿ ಬೆಳಕು ಚದುರೋದ್ರಿಂದಲೇ ಬಿಳಿ ಕಾಣೋದು. ಬೇಯಿಸಿದ್ರೆ ಪ್ರೋಟೀನೇ ಹೋಯ್ತು ಅಂತಾರಲ್ಲ, ನಂಗೆ ಅದು ಕೇಳಿದ್ರೇ ರೇಗುತ್ತೆ. ಪೆಪ್ಟೈಡ್ ಗಂಟು ಹಂಗೇ ಇರುತ್ತೆ ಮಾರಾಯ್ರೇ, ಕೆಟ್ಟಿದ್ದು ಮಡಿಕೆ ಅಷ್ಟೇ. ಬಿಚ್ಚಿದ ಸರವನ್ನ ಕತ್ತರಿಸೋದು ಹೊಟ್ಟೆಗೂ ಸುಲಭ.

ಕ್ರಿಶ್ಚಿಯನ್ ಆನ್‌ಫಿನ್ಸೆನ್ ಅಂತ ಅಮೆರಿಕದ ವಿಜ್ಞಾನಿ, ರೈಬೋನ್ಯೂಕ್ಲಿಯೇಸ್ ಅನ್ನೋ 124 ಮಣಿಯ ಪ್ರೋಟೀನನ್ನ ಯೂರಿಯಾ ಮತ್ತೆ ಇನ್ನೊಂದು ಕೆಮಿಕಲ್ ಹಾಕಿ ಪೂರ್ತಿ ಬಿಚ್ಚಿಬಿಟ್ರು. ಆಮೇಲೆ ಅವೆರಡನ್ನೂ ತೆಗೆದ್ರೆ, ಯಾರೂ ಹೇಳಿಕೊಡದೆ ಸರ ತಾನಾಗೇ ಹಳೇ ಥರ ಮಡಚ್ಕೊಂಡು ಮತ್ತೆ ಕೆಲಸ ಶುರು ಮಾಡ್ತು! ಹೆಂಗೆ ಮಡಚಬೇಕು ಅನ್ನೋದು ಮಣಿಗಳ ಸಾಲಲ್ಲೇ ಇರುತ್ತೆ ಅಂತ ಗೊತ್ತಾಯ್ತು, 1972ರಲ್ಲಿ ನೊಬೆಲ್ ಬಂತು. ಅಲ್ಲಿ ಸರಗಳು ದೂರ ದೂರ ಇದ್ವು, ಮೊಟ್ಟೆಲಿ ಒಂದರ ಮೇಲೊಂದು ನೂಕುನುಗ್ಗಲು, ತನ್ನಷ್ಟಕ್ಕೆ ಮಡಚ್ಕೊಳ್ಳೋಕೆ ಜಾಗ ಎಲ್ಲಿ?

2015ರಲ್ಲಿ ಬೆಂದ ಮೊಟ್ಟೆಯ ಬಿಳಿಯನ್ನ ಯೂರಿಯಾದಲ್ಲಿ ಕರಗಿಸಿ, ಜೋರಾಗಿ ತಿರುಗೋ ಟ್ಯೂಬಲ್ಲಿ ತೆಳ್ಳಗೆ ಹರಡಿ, ಲೈಸೋಜೈಮ್ ಅನ್ನೋ ಒಂದು ಪ್ರೋಟೀನನ್ನ ಸರಿಯಾಗಿ ಮಡಚಿಸಿದ್ದೂ ಆಯ್ತು. ಆದ್ರೆ ಆ ದ್ರವದಿಂದ ಆಮ್ಲೆಟ್ ಮಾಡೋಕೆ ಹೋಗ್ಬೇಡಿ, ಅದರ ತುಂಬ ಯೂರಿಯಾ.