ಗೊರಿಲ್ಲಾ ಮೇಷ್ಟ್ರು ಮತ್ತು ಕಗ್ಗಲಡುವಿನ ಹುಣಸೆ ಮರ

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಒಂದು ಕಾದಂಬರಿಯ ಬಗ್ಗೆ ಮಾತಾಡೋಣ. ಹೆಸರು ‘ಇಷ್ಮಾಯೆಲ್’. ಬರೆದವರು ಅಮೆರಿಕದ ಡೇನಿಯಲ್ ಕ್ವಿನ್, ಅಚ್ಚಾದದ್ದು 1992ರಲ್ಲಿ. ಅದಕ್ಕೆ 5 ಲಕ್ಷ ಡಾಲರ್ ಬಹುಮಾನ ಬಂದು ದೊಡ್ಡ ಸುದ್ದಿಯಾಗಿತ್ತು. ಆ ಸುದ್ದಿ ಹಾಗಿರಲಿ.

ಒಬ್ಬಾತ ಪೇಪರಿನಲ್ಲಿ ಒಂದು ಜಾಹೀರಾತು ನೋಡುತ್ತಾನೆ. ಮೇಷ್ಟ್ರೊಬ್ಬರಿಗೆ ಶಿಷ್ಯ ಬೇಕಂತೆ, ಜಗತ್ತನ್ನು ಉಳಿಸಬೇಕೆಂಬ ಆಸೆ ಅವನಿಗೆ ನಿಜವಾಗಿ ಇರಬೇಕಂತೆ. ಇದೇನು ಮೋಸವೋ ಎಂದು ಬೈದುಕೊಂಡೇ ಹೋಗುತ್ತಾನೆ. ನೋಡಿದರೆ ಗಾಜಿನ ಆಚೆ ಕೂತಿರುವ ಮೇಷ್ಟ್ರು ಒಂದು ಗೊರಿಲ್ಲಾ! ಬಾಯಿ ತೆರೆಯದೆ, ಮನಸ್ಸಿನಿಂದಲೇ ಪಾಠ ಮಾಡುತ್ತದೆ. ಅಲ್ಲಿಂದ ಮುಂದೆ ಬರೀ ಪ್ರಶ್ನೆ, ಉತ್ತರ, ವಾದ. ಕಥೆ ಬೇಕು ಅನ್ನುವವರಿಗೆ ಬೇಜಾರಾಗಬಹುದು. ನನಗೂ ನಡುವೆ ಒಂದೆರಡು ಕಡೆ ಆಕಳಿಕೆ ಬಂತು. ಆದರೆ ಈ ಗೊರಿಲ್ಲಾ ಕೊಡುವ ಉದಾಹರಣೆಗಳಿವೆಯಲ್ಲ, ಅವು ಬಿಡುವುದಿಲ್ಲ.

ಒಂದು ಲೋಳೆಮೀನಿನದು, ಅಂದರೆ ಜೆಲ್ಲಿಫಿಶ್‌ನದು. ಕೋಟ್ಯಂತರ ವರ್ಷಗಳ ಹಿಂದೆ ಯಾರೋ ಅದನ್ನು, ಈ ಲೋಕ ಹೇಗೆ ಹುಟ್ಟಿತಪ್ಪಾ ಅಂತ ಕೇಳುತ್ತಾರೆ. ಅದು ಸೂರ್ಯ, ಭೂಮಿ, ಸಮುದ್ರ ಎಲ್ಲ ಹೇಳಿ, ‘ಕೊನೆಗೆ ಲೋಳೆಮೀನು ಹುಟ್ಟಿತು’ ಎಂದು ಮುಗಿಸಿಬಿಡುತ್ತದೆ. ನಾವೂ ಇದನ್ನೇ ಹೇಳುತ್ತೇವೆ, ಕೊನೆಯಲ್ಲಿ ನಮ್ಮ ಹೆಸರು ಇಟ್ಟುಕೊಂಡು. ಅಲ್ವಾ?

ಇನ್ನೊಂದು, ರೆಕ್ಕೆಯ ಯಂತ್ರ ಕಟ್ಟಿಕೊಂಡು ಎತ್ತರದ ಬಂಡೆಯಿಂದ ಜಿಗಿದವನದು. ಪೆಡಲ್ ತುಳಿಯುತ್ತಿದ್ದಾನೆ, ಮುಖಕ್ಕೆ ಗಾಳಿ ಬಡಿಯುತ್ತಿದೆ, ಆಹಾ, ಹಾರುತ್ತಿದ್ದೇನೆ ಅಂದುಕೊಂಡಿದ್ದಾನೆ. ನಿಜವಾಗಿ ಬೀಳುತ್ತಿದ್ದಾನೆ. ನೆಲ ಹತ್ತಿರ ಬಂದಂತೆಲ್ಲ ಇನ್ನೂ ಜೋರಾಗಿ ತುಳಿಯುತ್ತಾನೆ.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ತುಮಕೂರು ಸೀಮೆಯ ಬೋರ್‌ವೆಲ್. ಮಧುಗಿರಿ, ಪಾವಗಡ, ಶಿರಾ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಒಬ್ಬರು ಹೊಲವೆಲ್ಲ ನಡೆದು ಪಾಯಿಂಟ್ ತೋರಿಸುತ್ತಾರೆ. ರಾತ್ರಿ ಲಾರಿ ಬರುತ್ತದೆ. ಪೂಜೆ ಆಗುತ್ತದೆ, ಊದುಬತ್ತಿ ಇನ್ನೂ ಉರಿಯುತ್ತಿರುವಾಗಲೇ ಬಿಳಿ ಧೂಳು ಏಳುತ್ತದೆ. ಮನೆಯವರೆಲ್ಲ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ನಿಂತಿರುತ್ತಾರೆ. ಇನ್ನೂರು ಅಡಿ, ಐನೂರು ಅಡಿ. ಧೂಳು ಒದ್ದೆಯಾಯಿತಾ ಅಂತ ಕೈಯಲ್ಲಿ ಹಿಡಿದು ನೋಡುತ್ತಾರೆ. ಇನ್ನೂ ಎರಡು ರಾಡ್ ಇಳಿಸಿ ಅಣ್ಣಾ, ಬಂದರೂ ಬರಬಹುದು ಅನ್ನುತ್ತಾರೆ. ಫೇಲಾದರೆ ಪಕ್ಕದಲ್ಲೇ ಇನ್ನೊಂದು. ಆಳಕ್ಕೆ ಹೋದಷ್ಟೂ ಎಷ್ಟೋ ಕಡೆ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಪಾವಗಡದ ಹಳ್ಳಿಗಳಲ್ಲಿ ಜನರ ಹಲ್ಲಿನ ಕಲೆ ನೋಡಿದರೆ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಗೊರಿಲ್ಲಾ ಹೇಳುವುದಕ್ಕೆಲ್ಲ ತಲೆಯಾಡಿಸಬಹುದು. ಆಮೇಲೆ ಅದು ಮನುಷ್ಯರನ್ನು ಎರಡು ಪಾಲು ಮಾಡುತ್ತದೆ. ಎಲ್ಲವನ್ನೂ ಬಾಚಿಕೊಳ್ಳುವವರು ಒಂದು ಕಡೆ, ಉಳಿದ ಜೀವಗಳಿಗೂ ಬಿಟ್ಟು ಬದುಕುವವರು ಇನ್ನೊಂದು ಕಡೆ. ಬೇಸಾಯವೇ ತಪ್ಪು ಅಂತ ಅದು ಹೇಳುವುದಿಲ್ಲ. ಪೈಪೋಟಿ ಮಾಡು, ಆದರೆ ಎದುರಾಳಿಯನ್ನು ಬೇಟೆಯಾಡಿ ಮುಗಿಸಬೇಡ, ಅದರ ಆಹಾರ ಹಾಳು ಮಾಡಬೇಡ, ಆಹಾರದ ದಾರಿಗೆ ಅಡ್ಡ ನಿಲ್ಲಬೇಡ. ಇಷ್ಟೇ ಅದರ ಕಾನೂನು. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಬಾಚಿಕೊಳ್ಳುವವರು ಇದನ್ನು ಮುರಿದರು ಅನ್ನುತ್ತದೆ.

ನನ್ನ ತಕರಾರು ಇರುವುದು ಈ ಎರಡು ಪಾಲಿನ ಬಗ್ಗೆ. ಶಿರಾ ಪಕ್ಕದ ಕಗ್ಗಲಡುವಿಗೆ ಹೋಗಿ ನೋಡಿ. ಊರೊಳಗಿನ ಹುಣಸೆ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಕೆಳಗೆ ಹಿಕ್ಕೆ, ಉದುರಿದ ಮೀನು, ಮೂಗು ಮುಚ್ಚಿಕೊಳ್ಳುವಂಥ ವಾಸನೆ, ಮೇಲೆ ದಿನವಿಡೀ ಮರಿಗಳ ಗಲಾಟೆ. ಹುಣಸೆ ನಮ್ಮಲ್ಲಿ ಸುಮ್ನೆ ಮರವಲ್ಲ, ದುಡ್ಡು. ತುಮಕೂರು ಮಾರುಕಟ್ಟೆಗೆ ಎಷ್ಟು ಹುಣಸೆ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೂ ಗೂಡಿರುವ ಮರವನ್ನು ಅಲ್ಲಿಯವರು ಬಡಿಯುವುದಿಲ್ಲ. ಹಕ್ಕಿಗೆ ಕಲ್ಲು ಹೊಡೆಯಲು ಬಿಡುವುದಿಲ್ಲ.

ಹಾಗಂತ ಈ ಸೀಮೆಯ ರೈತ ಬೋರ್ ಕೊರೆಸುವುದಿಲ್ಲವಾ? ಕೊರೆಸುತ್ತಾನೆ. ಮಗಳ ಮದುವೆ, ಬ್ಯಾಂಕಿನ ಕಂತು, ಒಣಗುತ್ತಿರುವ ಅಡಿಕೆ, ಎಲ್ಲ ಅವನಿಗೂ ಇದೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲೂ ಹಾಗೇ. ಕೃಷ್ಣಮೃಗಗಳ ಹುಲ್ಲುಗಾವಲಿನ ಅಂಚಿನಲ್ಲೇ ಕಡಲೆಕಾಯಿ ಹೊಲ. ಹಿಂಡು ನುಗ್ಗಿ ಮೇಯ್ದಾಗ ರೈತ ಶಾಪ ಹಾಕುತ್ತಾನೆ, ಕೂಗಿ ಓಡಿಸುತ್ತಾನೆ. ನೆಂಟರು ಬಂದರೆ ಅದೇ ಹಿಂಡನ್ನು ಬೆರಳು ಮಾಡಿ ಹೆಮ್ಮೆಯಿಂದ ತೋರಿಸುತ್ತಾನೆ. ಈತನನ್ನು ಯಾವ ಪಾಲಿಗೆ ಹಾಕಬೇಕು? ಕ್ವಿನ್ ಪುಸ್ತಕದಲ್ಲಿ ಇವನಿಗೆ ಜಾಗ ಸಾಲದು. ಶಿಷ್ಯ ಇಂಥ ಪ್ರಶ್ನೆ ಕೇಳಬೇಕಿತ್ತು. ಅವನು ಮೇಷ್ಟ್ರಿಗೆ ಹೂಂಗುಟ್ಟುವುದೇ ಜಾಸ್ತಿ.

ಆದರೂ ಓದಿ. ಮೊದಲ ಭಾಗ ನಿಧಾನ, ಲೋಳೆಮೀನಿನವರೆಗೆ ತಾಳ್ಮೆ ಇರಲಿ. ಇಂಗ್ಲಿಷ್ ಕಷ್ಟವೇನಿಲ್ಲ, ಕಾಲೇಜು ಹುಡುಗರಿಗೂ ಅರ್ಥವಾಗುತ್ತದೆ. ಕಗ್ಗಲಡುವಿಗೆ ಹೋಗುವವರು ಚಳಿ ಕಳೆದ ಮೇಲೆ ಹೋಗಿ, ಆಗ ಗೂಡುಗಳು ತುಂಬಿರುತ್ತವೆ. ತಲೆಗೊಂದು ಟೋಪಿ ಹಾಕಿಕೊಂಡು ಹೋಗಿ. ಯಾಕೆ ಅಂತ ಮರದ ಕೆಳಗೆ ನಿಂತರೆ ಗೊತ್ತಾಗುತ್ತದೆ.

ನಮಸ್ಕಾರ.